ಅನುಬಂಧ ಏಳು

ಪದಕ್ಕೆ ಒಂದೂಕಾಲು ರೂಪಾಯಿ.
ಅಣೆಕಟ್ಟೆಯ ವರದಿ ಇಂಗ್ಲಿಷಿನಲ್ಲಿ ಆರುನೂರು ಪುಟ;
ಕನ್ನಡಕ್ಕೆ ಸಾರಾಂಶ ಸಾಕು, ನಲವತ್ತರೊಳಗೆ,
ಅಹವಾಲು ಸಭೆಯಲ್ಲಿ ಹಂಚುವುದಕ್ಕೆ.
ಶ್ರೀನಗರದ ಮೂರನೇ ಮಹಡಿಯಲ್ಲಿ ಕೂತು
ಮುಳುಗಡೆಯನ್ನು ಮುಳುಗಡೆ ಎಂದೇ ಬರೆದೆ,
ಟರ್ಬೈನನ್ನು ಟರ್ಬೈನ್ ಎಂದು.
ಕೈ ಎಲ್ಲೂ ತಡವರಿಸಲಿಲ್ಲ,

ಅನುಬಂಧ ಏಳರವರೆಗೆ. ಮೀನುಗಳು.
ಇಪ್ಪತ್ತಮೂರು ಹೆಸರು, ಎಲ್ಲವೂ ಲ್ಯಾಟಿನ್,
ಓರೆ ಅಕ್ಷರದಲ್ಲಿ, ಸೆಳವಿಗೆ ಬಾಗಿದ ಜೊಂಡಿನ ಹಾಗೆ.
ನಿಘಂಟು ತೆರೆದೆ. ಮೀನು: ಮತ್ಸ್ಯ, ಝಷ, ಒಂದು ರಾಶಿ.
ಇನ್ನೊಂದು ನಿಘಂಟು: ಒಂದು ಬಗೆಯ ಮೀನು.
ಪುಟ ತಿರುಗಿಸಿದರೂ: ಒಂದು ಬಗೆಯ ಮೀನು.

ಮಡಿವಾಳದ ಮಾರ್ಕೆಟ್ಟಿನಲ್ಲಿ ಸಣ್ತಾಯಮ್ಮ,
ತವರು ಮುತ್ತತ್ತಿಯ ಕಡೆ, ಅಪ್ಪ ಹರಿಗೋಲಿನವನು.
ಅವಳ ಐಸಿನ ಮೇಲೆ ಆಂಧ್ರದ ಕಾಟ್ಲಾ,
ಮಂಗಳೂರಿನ ಬೂತಾಯಿ, ಯಾವುದೋ ಕೆರೆಯ ಜಿಲೇಬಿ.
ಹೊಳೆಯದು ಒಂದೂ ಇಲ್ಲ.
ಫೋನಿನಲ್ಲಿ ಚಿತ್ರ ತೋರಿಸಿದೆ.
ಕೈ ಒರೆಸಿಕೊಂಡರೂ ಗಾಜಿಗೆ ಹುರುಪೆ ಅಂಟಿತು.

'ಇದು ಗೆಂಡೆ. ಇದೂ ಗೆಂಡೆನೇ, ಬಾಲ ಕೆಂಪು,
ನಮ್ಮಪ್ಪ ಬೇರೆ ಏನೋ ಅನ್ನೋನು, ತಡಿ, ನೆನಪಾಗ್ತದೆ.
ಇದು ಕಲ್ಲುಕೊರವ, ಬಂಡೆ ಕಚ್ಕೊಂಡು ನಿಲ್ತದೆ,
ಜಪ್ಪಯ್ಯ ಅಂದ್ರೂ ಬಿಡಲ್ಲ.
ಇದು ಬಾಳೆ. ಬಾಯಿ ನೋಡು, ನಮ್ಮತ್ತೆ.'

ಕೊನೆಯ ಚಿತ್ರಕ್ಕೆ ನಗು ನಿಂತಿತು.
ಕಿತ್ತಳೆ ರೆಕ್ಕೆ, ಬೆನ್ನ ಮೇಲೆ ಡುಬ್ಬ.
'ಬಿಳಿಮೀನು,' ಅಂದಳು. 'ಐತಾ ಇನ್ನೂ?'
ಮಡುವಿನಲ್ಲಿ ಕಂಡದ್ದು ಎಷ್ಟುದ್ದ ಎಂದು ತೋರಿಸಲು
ಕೈಯೆರಡೂ ಅಗಲಿಸಿದಳು;
ಪಕ್ಕದವಳ ಸೀಗಡಿ ಬುಟ್ಟಿ ಉರುಳಿತು, ಬೈಗುಳ ಬಿತ್ತು,
ಅಳತೆ ಅಲ್ಲಿಗೇ ನಿಂತಿತು.

ಹೊಸನೀರು ಕೆಂಪಗೆ ಇಳಿಯುವಾಗ
ಅದು ಎದುರೇರಿ ಹೋಗುತ್ತದಂತೆ,
ಮೊಟ್ಟೆಗೆ ತಕ್ಕ ಉರುಟುಕಲ್ಲು ಹುಡುಕಿ.
'ಗೋಡೆ ಅಡ್ಡ ಬಂದರೆ?'
'ಬೋರ್ಡು ಓದ್ಕೊಂಡು ತಿರುಗೋಕೆ ಅದೇನು ಬಸ್ಸಾ?
ಮೂತಿ ಉಜ್ಕೊಂಡು ಅಲ್ಲೇ ಇರ್ತದೆ.'

ಹದಿನಾಲ್ಕು ಹೆಸರು ಸಿಕ್ಕವು.
ಒಂಬತ್ತರ ಮುಂದೆ ಚುಕ್ಕಿಯಿಟ್ಟು ಬಿಟ್ಟೆ.
ಬಿಳಿಮೀನಿಗೆ ಮಾತ್ರ ಎರಡು ಸಾಲು ಹೆಚ್ಚಿಗೆ:
ಹೊಸನೀರಿಗೆ ಮೇಲೇರುತ್ತದೆ.
ಅದಕ್ಕೆ ದಾರಿ ಬಿಡಬೇಕು.
ಕೆಳಗೆ, ಇದ್ದದ್ದನ್ನು ಇದ್ದಂತೆ:
'ಪರಿಣಾಮ ನಗಣ್ಯ. ಮರಿ ಬಿತ್ತನೆಯಿಂದ ಸರಿದೂಗಿಸಲಾಗುವುದು.'
ನಗಣ್ಯ, ಒಂದು ಪದ. ಅದಕ್ಕೂ ಒಂದೂಕಾಲು.

ಏಜೆನ್ಸಿಯ ನರಹರಿ ಫೋನು ಮಾಡಿದರು.
'ಮೇಡಂ, ಆ ಎರಡು ಸಾಲು ಮೂಲದಲ್ಲಿಲ್ಲ.'
ಮೂಲ ಎಂದರೆ ಯಾವುದು ಎಂದು ಕೇಳಬಹುದಿತ್ತು.
ತಲಕಾವೇರಿ ಎನ್ನಬಹುದಿತ್ತು.
ಮಗಳ ಫೀಸಿನ ಕೊನೆಯ ದಿನ ಶುಕ್ರವಾರ.
'ತೆಗೀರಿ ಸರ್,' ಅಂದೆ.
'ಹೆಸರುಗಳು ಇರಲಿ,' ಅಂದರು ಉದಾರವಾಗಿ,
'ಟೇಬಲ್ ತುಂಬಿದ ಹಾಗೆ ಕಾಣುತ್ತೆ.'

ದಿನ ಬಿಟ್ಟು ದಿನ, ಬೆಳಗಿನ ಮೂರೂವರೆಗೆ
ಓನರ್ ಪದ್ಮಾಕ್ಷಮ್ಮ ಪೈಪಿಗೆ ಸೌಟು ಬಡಿಯುತ್ತಾರೆ:
'ಏಳು, ಏಳು, ನೀರು ಬಂತು!'
ನೂರು ಕಿಲೋಮೀಟರು, ದಾರಿಯುದ್ದಕ್ಕೂ ಏರು,
ಪಂಪಿನಿಂದ ಪಂಪಿಗೆ ಹತ್ತಿ
ನನ್ನ ನೀಲಿ ಡ್ರಮ್ಮಿಗೆ ಬಂದು ಬೀಳುತ್ತದೆ ಹೊಳೆ.
ಇಷ್ಟು ಎತ್ತರಕ್ಕೆ ಯಾವ ಮೀನೂ ನೆಗೆದದ್ದಿಲ್ಲ.
ಕ್ಲೋರಿನ್ ವಾಸನೆ. ಕೈಯದ್ದಿದರೆ ತಣ್ಣಗೆ,
ಎಲ್ಲ ನೀರಿನ ಹಾಗೆ.

ಅರ್ಧ ತುಂಬಿರಬೇಕು, ಫೋನು ಗುನುಗಿತು.
ಸಣ್ತಾಯಮ್ಮ. ಲಾರಿಯಿಂದ ಐಸು ಇಳಿಸುವ ಹೊತ್ತು ಅವಳಿಗೆ.
'ಆ ಕೆಂಪು ಬಾಲದ್ದು, ನೆನಪಾಯ್ತು ಕಣಕ್ಕ, ಬರ್ಕೋ...'

ನೀರು ಬೀಳುವ ಸದ್ದಿನಲ್ಲಿ
ಹೆಸರು ಕೇಳಿಸಲಿಲ್ಲ.
ಡ್ರಮ್ಮು ತುಂಬಿರಲಿಲ್ಲ ಇನ್ನೂ.
ನಲ್ಲಿ ನಿಲ್ಲಿಸಿದೆ.
'ಇನ್ನೊಂದ್ಸಲ ಹೇಳು,' ಅಂದೆ.